ಬೆಲ್ಲದ ದುಡ್ಡು, ರಾತ್ರಿ ದಾರಿ, ಸೊಂಟದ ರಿವಾಲ್ವರ್

ಮಂಡ್ಯದಲ್ಲಿ ನನ್ನದು ಬೆಲ್ಲದ ವ್ಯಾಪಾರ. ಆಲೆಮನೆಯವರಿಗೆ ಬಟವಾಡೆ ಮಾಡಲು ನಗದು ಹಿಡಿದು ಪಾಂಡವಪುರ, ಕೆ.ಆರ್. ಪೇಟೆ ಕಡೆ ಹೊತ್ತು ಮುಳುಗಿದ ಮೇಲೂ ಓಡಾಡಬೇಕಾಗುತ್ತಿತ್ತು. ಅದಕ್ಕೇ .32 ರಿವಾಲ್ವರ್‌ಗೆ ಲೈಸೆನ್ಸ್ ಮಾಡಿಸಿದೆ. ಹೊಸದಾಗಿ ಲೈಸೆನ್ಸ್ ಸಿಕ್ಕವರು ಮೊದಲು ಕೇಳುವುದು ಇದನ್ನೇ: "ಅಣ್ಣಾ, ಕಾರಲ್ಲಿ ಎಲ್ಲಿಟ್ಕೋತೀರಾ?"

ಸೊಂಟದಲ್ಲೇ. ಸೀಟಿನಡಿ ಇಟ್ಟರೆ ಜೋರಾಗಿ ಬ್ರೇಕ್ ಒತ್ತಿದಾಗ ಜಾರಿ ಪೆಡಲ್ ಕೆಳಗೆ ಬರುತ್ತದೆ. ಡ್ಯಾಶ್‌ಬೋರ್ಡಲ್ಲಿ ಇಟ್ಟು ಟೀಗೆ ಇಳಿದರೆ ಕಳ್ಳನ ಪಾಲು. 2016ರ ಆಯುಧ ನಿಯಮಗಳೂ ಸಾರ್ವಜನಿಕ ಜಾಗದಲ್ಲಿ ರಿವಾಲ್ವರ್ ಅದರ ಚೀಲವಾದ ಹೋಲ್‌ಸ್ಟರ್‌ನೊಳಗೆ, ಪೂರ್ತಿ ಮುಚ್ಚಿಕೊಂಡು ಇರಬೇಕು ಎನ್ನುತ್ತವೆ.

ಆದರೆ ಸೀಟ್ ಬೆಲ್ಟ್ ಬಿಗಿದು ಕೂತವನಿಗೆ ಅದನ್ನು ಹೊರತೆಗೆಯುವುದು ಸಲೀಸಲ್ಲ. ಬಲ ಮೊಣಕೈ ಬಾಗಿಲಿಗೆ ತಾಗುತ್ತದೆ, ಅಂಗಿ ಸಿಕ್ಕಿಕೊಳ್ಳುತ್ತದೆ. ಗುಂಡುಗಳನ್ನು ಮನೆಯೊಳಗೆ ಬೀಗ ಹಾಕಿಟ್ಟು, ಖಾಲಿ ರಿವಾಲ್ವರ್ ಹಿಡಿದು, ಶೆಡ್ಡಲ್ಲಿ ನಿಂತ ಕಾರಿನಲ್ಲೇ ಅಭ್ಯಾಸ ಮಾಡಿದೆ. ಮೊದಲು ಎಡಗೈಲಿ ಬೆಲ್ಟ್ ಬಿಚ್ಚಬೇಕು, ಮುಂದಕ್ಕೆ ಬಾಗಬೇಕು, ಆಮೇಲೆ ಬಲಗೈ. ನಳಿಗೆ ನನ್ನ ತೊಡೆಯ ಮೇಲಾಗಲಿ ಪಕ್ಕದವರ ಮೇಲಾಗಲಿ ಹಾಯಬಾರದು, ಬೆರಳು ಟ್ರಿಗರ್ ಮುಟ್ಟಬಾರದು. ಕೈ ಎಷ್ಟೇ ಪಳಗಿದರೂ, ಇಷ್ಟೆಲ್ಲ ಆಗುವಷ್ಟರಲ್ಲಿ ಗಾಡಿ ಆ ಜಾಗ ಬಿಟ್ಟು ಎಷ್ಟೋ ದೂರ ಹೋಗಿರುತ್ತದೆ.

ಹಾಗಾಗಿ ನನ್ನ ನೆಚ್ಚಿಕೆ ಚಕ್ರದ ಮೇಲೆ. ಹತ್ತಿದ ಕೂಡಲೇ ಬಾಗಿಲು ಲಾಕ್. ನಿಂತಾಗಲೂ ಮುಂದಿನ ಗಾಡಿಯ ಹಿಂಚಕ್ರ ನೆಲ ಮುಟ್ಟುವುದು ಕಾಣುವಷ್ಟು ಅಂತರ ಬಿಡುತ್ತೇನೆ. ರಿವರ್ಸ್ ಹಾಕದೆ ಪಕ್ಕಕ್ಕೆ ತಿರುಗಿಸಿಕೊಂಡು ಹೋಗಬಹುದು. ಗಾಡಿ ನಿಲ್ಲಿಸಲೆಂದು ಯಾರಾದರೂ ಗ್ಲಾಸಿಗೆ ಮೊಟ್ಟೆ ಎಸೆದರೆ ವೈಪರ್ ಹಾಕಬಾರದು, ಬಳಿದುಕೊಂಡು ದಾರಿಯೇ ಕಾಣದು. ಟೋಲ್ ಅಥವಾ ಪೆಟ್ರೋಲ್ ಬಂಕಿನ ಬೆಳಕು ಸಿಕ್ಕ ಮೇಲೇ ನಿಲ್ಲಿಸಿ 112ಕ್ಕೆ ಫೋನು.

ದುಡ್ಡಿದ್ದಾಗ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮೇಲೆ ಹೋಗುವುದೇ ಇಲ್ಲ, ಸುತ್ತಾದರೂ ಚಿಂತೆಯಿಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಹಾಡಹಗಲೇ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಅಂಥ ಕಡೆ ಕತ್ತಲಲ್ಲಿ ಗಾಬರಿಯಿಂದ ಹಿಂದಕ್ಕೆ ತೆಗೆದರೆ ದರೋಡೆಕೋರನೇ ಬೇಕಿಲ್ಲ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರು ಕೆಟ್ಟು ಅಡ್ಡ ನಿಂತಿರುತ್ತದೆ, ನಾಲ್ಕು ಜನ ಕೈ ಅಡ್ಡ ಹಾಕುತ್ತಾರೆ. ಅವರು ನಮ್ಮವರೇ, ಜಾಕ್ ಕೇಳುತ್ತಿರುತ್ತಾರೆ. ದೂರದಲ್ಲೇ ನಿಧಾನಿಸಿ, ಗಾಜು ಎರಡು ಬೆರಳಷ್ಟು ಇಳಿಸಿ ಮಾತಾಡುತ್ತೇನೆ. ಅನುಮಾನ ಬಂತೆಂದು ಅವರತ್ತ ರಿವಾಲ್ವರ್ ತೋರಿಸುವವನ ಕೈಯಲ್ಲಿ ಲೈಸೆನ್ಸ್ ಇರಲೇಬಾರದು.

ಕಾನೂನೂ ಅದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಮಿನಂತೆ, ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದರೆ ಆತ್ಮರಕ್ಷಣೆಯ ಹಕ್ಕಿಲ್ಲ. ಹಕ್ಕಿದ್ದಾಗಲೂ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಮುಂದೆ ದಾರಿ ತೆರೆದಿದ್ದಾಗ ಗುಂಡು ಹಾರಿಸಿ, ಬೇರೆ ಗತಿ ಇರಲಿಲ್ಲ ಎಂದು ಕೋರ್ಟಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ.

2024ರ ಲೋಕಸಭಾ ಚುನಾವಣೆ ಮುಗಿಯುವ ತನಕ ರಿವಾಲ್ವರ್ ಠಾಣೆಗೆ ಒಪ್ಪಿಸಬೇಕಾಗಿ ಬಂದಾಗ ಬಟವಾಡೆಯನ್ನು ಬೆಳಗಿನ ಹೊತ್ತಿಗೆ ತಂದೆ, ಒಪ್ಪಿದವರಿಗೆ ಬ್ಯಾಂಕ್ ಖಾತೆಗೇ ಹಾಕಿದೆ. ಅದು ವಾಪಸು ಬಂದ ಮೇಲೂ ಹಾಗೆಯೇ ಮುಂದುವರಿಸಿದ್ದೇನೆ.