ಸಂಕ್ರಾಂತಿ ಆರ್ಡರ್ ಹಿಡಿಯುವ ಮುಂಚೆ ತಾರಸಿ ಅಳೆಯಿರಿ

ಪ್ರತಿ ವರ್ಷ ಜನವರಿ 12, 13ರ ಹೊತ್ತಿಗೆ ನನಗೆ ಒಂದೇ ಥರದ ಫೋನ್ ಬರುತ್ತದೆ. "ಅಕ್ಕಾ, ಹೆಚ್ಚಿದ ಕೊಬ್ಬರಿ ಒಂದೈದು ಕೆಜಿ ಇದೆಯಾ? ಎಷ್ಟು ಕೇಳಿದರೂ ಕೊಡ್ತೀನಿ." ಮನೆಯಲ್ಲೇ ಎಳ್ಳು-ಬೆಲ್ಲ ಮಾಡಿ ಮಾರುವವರು ಮಾಡುವ ಫೋನ್ ಇದು. ಕೈಯಲ್ಲಿ ರುಚಿ ಇರುವವರು, ಶ್ರದ್ಧೆ ಇರುವವರು. ಡಿಸೆಂಬರ್‌ನಲ್ಲಿ ವಾಟ್ಸಾಪ್‌ನಲ್ಲಿ ಫೋಟೊ ಹಾಕಿರುತ್ತಾರೆ. ಬಂದ ಆರ್ಡರನ್ನೆಲ್ಲ ಹಿಡಿದಿರುತ್ತಾರೆ. ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ಅರ್ಧ ಮಾಲೂ ಕೈಯಲ್ಲಿ ಇರುವುದಿಲ್ಲ.

ಆರ್ಡರ್ ಬರುವುದು ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಬ್ಬದ ವ್ಯಾಪಾರದಲ್ಲಿ ಅದು ಸುಲಭದ ಕೆಲಸ. ಬಂದ ಆರ್ಡರನ್ನು ಹೇಳಿದ ದಿನ, ಹೇಳಿದ ಗುಣದಲ್ಲಿ ಕೊಡುವುದೇ ಕಷ್ಟ. ಅದಕ್ಕೇ ಇಲ್ಲಿ ಹೆಚ್ಚು ಜಾಗ ಎರಡನೇ ಹೆಜ್ಜೆಗೆ ಕೊಟ್ಟಿದ್ದೇನೆ. ಚಕ್ಲಿ, ಹೋಳಿಗೆ, ಉಪ್ಪಿನಕಾಯಿ ಮಾಡುವವರಿಗೂ ಲೆಕ್ಕ ಇದೇ, ಪದಾರ್ಥ ಮಾತ್ರ ಬೇರೆ.

ಮೊದಲ ಹೆಜ್ಜೆ: ಹೋದ ವರ್ಷದ ಪುಸ್ತಕ ತೆಗೆಯಿರಿ

ಎಷ್ಟು ಕೆಜಿ ಹೋಯಿತು, ಯಾವ ದಿನ ಎಷ್ಟು ಹೋಯಿತು, ಎಷ್ಟು ಜನರಿಗೆ ಇಲ್ಲ ಅಂದಿರಿ, ಈ ಮೂರನ್ನು ಬರೆಯಿರಿ. ಮೂರನೆಯದನ್ನು ಯಾರೂ ಬರೆದಿಡುವುದಿಲ್ಲ. ನಿಜವಾದ ಬೇಡಿಕೆ ಎಷ್ಟಿತ್ತು ಅನ್ನುವುದು ಅದರಿಂದಲೇ ಗೊತ್ತಾಗುವುದು. ಮೊದಲ ವರ್ಷವಾದರೆ 50 ಕೆಜಿಗೆ ನಿಲ್ಲಿಸಿ.

ಎರಡನೇ ಹೆಜ್ಜೆ: ಕೆಲಸ ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತ ಹುಡುಕಿ

ಒಂದು ಕೆಜಿ ಎಳ್ಳು-ಬೆಲ್ಲಕ್ಕೆ ನಾನು ಹಾಕುವುದು ಹೀಗೆ: ಕಡಲೆಕಾಯಿ ಬೀಜ 300 ಗ್ರಾಂ, ಹುರಿಗಡಲೆ 200, ಕೊಬ್ಬರಿ 200, ಬೆಲ್ಲ 200, ಬಿಳಿ ಎಳ್ಳು 100. ಇನ್ನು ಒಂದೊಂದು ಕೆಲಸವೂ ದಿನಕ್ಕೆ ಎಷ್ಟು ಸಾಗುತ್ತದೆ ಅಂತ ನೋಡಬೇಕು. ಅಂದಾಜು ಬೇಡ. ಒಂದು ದಿನ ಗಡಿಯಾರ ಪಕ್ಕದಲ್ಲಿಟ್ಟುಕೊಂಡು ಕೂರಿ.

ಎಳ್ಳು ಹುರಿಯುವುದು ಏನೂ ಅಲ್ಲ, ಒಂದು ಬೆಳಿಗ್ಗೆಯಲ್ಲಿ ಮುಗಿಯುತ್ತದೆ. ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ತೆಗೆದು, ಬೇಳೆ ಮಾಡಿದ್ದೇ ಸಗಟು ಅಂಗಡಿಯಲ್ಲಿ ಸಿಗುತ್ತದೆ. ಹುರಿಗಡಲೆಗೆ ಕೆಲಸವೇ ಇಲ್ಲ. ಬೆಲ್ಲ ಹೆಚ್ಚುವುದಕ್ಕೆ ಒಬ್ಬರು ಕೂತರೆ ದಿನಕ್ಕೆ 4 ಕೆಜಿ ಆಗುತ್ತದೆ, ಅಂದರೆ 20 ಕೆಜಿ ಎಳ್ಳು-ಬೆಲ್ಲಕ್ಕೆ ಸಾಕು. ಬೆರೆಸಿ ಪೊಟ್ಟಣ ಕಟ್ಟುವುದು ಇಬ್ಬರಿದ್ದರೆ ದಿನಕ್ಕೆ 50 ಕೆಜಿ.

ಕೊಬ್ಬರಿಗೆ ಬನ್ನಿ. ಗಿಟುಕಿನ ಕರಿ ಸಿಪ್ಪೆ ಹೆರೆಯಬೇಕು. ಆಮೇಲೆ ಸಣ್ಣಗೆ, ಒಂದೇ ಸಮ ಹೆಚ್ಚಬೇಕು. ಕೈ ಪಳಗಿದವರು ಆರು ಗಂಟೆ ಕೂತರೆ ನಮ್ಮಲ್ಲಿ 2 ಕೆಜಿ ಆಗುತ್ತದೆ. ಇಬ್ಬರಿದ್ದರೆ 4 ಕೆಜಿ, ಅಂದರೆ ದಿನಕ್ಕೆ 20 ಕೆಜಿ ಎಳ್ಳು-ಬೆಲ್ಲ. ಇಲ್ಲಿಯವರೆಗೂ ಲೆಕ್ಕ ಸುಮಾರು ಎಲ್ಲರೂ ಹಾಕುತ್ತಾರೆ. "ಹಾಗಾದರೆ ಇನ್ನಿಬ್ಬರನ್ನು ಕರೆದರೆ ದಿನಕ್ಕೆ 40 ಕೆಜಿ ಆಯಿತಲ್ವಾ?" ಅನ್ನುತ್ತಾರೆ. ಎಡವುವುದು ಇಲ್ಲೇ.

ನಾನೂ ಎಡವಿದ್ದೇನೆ. ಮೂರನೇ ವರ್ಷ ಆರ್ಡರ್ ಜಾಸ್ತಿ ಬಂತು ಅಂತ ಕೊಬ್ಬರಿ ಹೆಚ್ಚಲು ಇನ್ನಿಬ್ಬರನ್ನು ಕರೆದೆ. ಪಾಪ, ಅವರು ತಲೆ ಎತ್ತದೆ ಹೆಚ್ಚಿದರು. ಆದರೆ ಹೆಚ್ಚಿದ ಕೊಬ್ಬರಿ ಎರಡು ದಿನ ಬಿಸಿಲು ಕಾಣಬೇಕು. ನಮ್ಮ ತಾರಸಿಯಲ್ಲಿ ನೇರ ಬಿಸಿಲು ಬೀಳುವುದು 10 ಅಡಿಗೆ 12 ಅಡಿ ಜಾಗದಲ್ಲಿ ಮಾತ್ರ. ಉಳಿದದ್ದಕ್ಕೆ ನೀರಿನ ಟ್ಯಾಂಕಿನ ನೆರಳು. ಅಷ್ಟು ಜಾಗದಲ್ಲಿ ಪಂಚೆ ಹಾಸಿ ತೆಳ್ಳಗೆ ಹರಡಿದರೆ 8 ಕೆಜಿ ಹಿಡಿಯುತ್ತದೆ. ಎರಡು ದಿನಕ್ಕೆ 8 ಕೆಜಿ ಅಂದರೆ ದಿನಕ್ಕೆ 4 ಕೆಜಿಯೇ ಆಯಿತು! ಚಾಕು ಎರಡರಿಂದ ನಾಲ್ಕಾಯಿತು, ತಾರಸಿ ಒಂದಡಿಯೂ ಬೆಳೆಯಲಿಲ್ಲ.

ಹೆಚ್ಚಿದ್ದು ಮೊರದಲ್ಲಿ, ಪರಾತದಲ್ಲಿ, ಕೊನೆಗೆ ಮಂಚದ ಮೇಲೂ ಸೇರಿತು. ನಾನು ದಪ್ಪಗೆ ಹರಡಿದೆ. ಮೇಲಿನದು ಒಣಗಿತು, ಅಡಿಯದು ಮೆತ್ತಗೇ ಉಳಿಯಿತು. ಹಬ್ಬ ಹತ್ತಿರ ಬಂತು ಅಂತ ಅದನ್ನೇ ಬೆರೆಸಿಬಿಟ್ಟೆ. ಕೊಬ್ಬರಿಯ ಪಸೆಗೆ ಬೆಲ್ಲ ನೀರೊಡೆಯಿತು, ಎಳ್ಳು ಅಂಟಿಕೊಂಡಿತು, ಮೂರನೇ ದಿನಕ್ಕೆ ಮುಗ್ಗಲು ವಾಸನೆ. 22 ಕೆಜಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಮೊದಲ ವರ್ಷದಿಂದ ನನ್ನ ಹತ್ತಿರವೇ ಕೊಳ್ಳುತ್ತಿದ್ದ ಮೂರು ಮನೆಯವರು ಮತ್ತೆ ಬರಲಿಲ್ಲ.

ನಮ್ಮ ಸೋದರತ್ತೆ ಅವತ್ತು ಪಂಚೆಯ ನಡುವಿನಿಂದ ಒಂದು ಚೂರು ತೆಗೆದು ಬೆರಳಲ್ಲಿ ಮುರಿದು ತೋರಿಸಿದರು. ಒಣಗಿದ ಕೊಬ್ಬರಿ ಟಕ್ ಅಂತ ಮುರಿಯುತ್ತದೆ, ಮುರಿದ ಕಡೆ ಬೆಳ್ಳಗಿರುತ್ತದೆ. ಒಣಗದ್ದು ಬಾಗುತ್ತದೆ, ಬೆರಳಿಗೆ ತಣ್ಣಗೆ ತಾಗುತ್ತದೆ. "ಅಂಚಿನ ಚೂರು ನೋಡಬೇಡ್ವೇ, ಅದು ಯಾವಾಗಲೂ ಒಣಗೇ ಇರುತ್ತೆ" ಅಂದರು. ಇವತ್ತಿಗೂ ಐದು ಕಡೆಯಿಂದ ಐದು ಚೂರು ಮುರಿದು ನೋಡದೆ ನಾನು ಡಬ್ಬಿಗೆ ತುಂಬುವುದಿಲ್ಲ.

ಹಾಗಾಗಿ ಲೆಕ್ಕ ಹೀಗೆ ಹಾಕಿ. ಎಲ್ಲ ಕೆಲಸಗಳಲ್ಲೂ ದಿನಕ್ಕೆ ಕಮ್ಮಿ ಸಾಗುವುದು ಯಾವುದೋ ಅದೇ ನಿಮ್ಮ ವ್ಯಾಪಾರದ ಅಳತೆ. ನನ್ನದು ದಿನಕ್ಕೆ 20 ಕೆಜಿ. ಡಿಸೆಂಬರ್ 18ಕ್ಕೆ ಶುರು ಮಾಡಿದರೆ ಜನವರಿ 6ರವರೆಗೆ 20 ದಿನ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಬೆಂಗಳೂರಿನಲ್ಲಿ ಡಿಸೆಂಬರ್ ಬಿಸಿಲು ಮಾಯ. ನಾಲ್ಕು ದಿನ ಮೋಡಕ್ಕೆ ಬಿಡಿ. ಉಳಿದ 16 ದಿನಕ್ಕೆ 320 ಕೆಜಿ. ಅದರಲ್ಲೂ ಮಾತು ಕೊಡುವುದು 250 ಕೆಜಿಗೆ ಮಾತ್ರ. ಮಿಕ್ಕದ್ದು ಜ್ವರ, ಕರೆಂಟು, ಮದುವೆ ಮನೆಗೆ ಹೋದ ಕೆಲಸದವರು, ಇಂಥದ್ದಕ್ಕೆಲ್ಲ ಮೀಸಲು. 250 ಅನ್ನುವ ಸಂಖ್ಯೆಯನ್ನು ಗೋಡೆಗೆ ಅಂಟಿಸಿ. ಫೋನ್ ಹಿಡಿದು "ಆಗಲಿ" ಅನ್ನುವ ಮುಂಚೆ ಅದನ್ನು ನೋಡಿ.

ಅಳತೆ ಹಿಗ್ಗಿಸುವುದು

ಇನ್ನೂ ಬೇಕು ಅಂದರೆ ಖರ್ಚು ಕಮ್ಮಿ ಇರುವ ದಾರಿಯಿಂದ ಶುರು ಮಾಡಿ. ಒಂದು ವಾರ ಮುಂಚೆ ಶುರು ಮಾಡುವುದಕ್ಕೆ ಖರ್ಚೇ ಇಲ್ಲ. ಚೆನ್ನಾಗಿ ಒಣಗಿದ ಕೊಬ್ಬರಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ವಾರಗಟ್ಟಲೆ ಕೆಡದೆ ಇರುತ್ತದೆ. ಬೆರೆಸುವುದನ್ನು ಮಾತ್ರ ಕೊನೆಯ ವಾರಕ್ಕೆ ಇಡಿ. ಎರಡನೆಯದು ಪಕ್ಕದ ಮನೆಯ ತಾರಸಿ. ಅವರಿಗೆ ಎರಡು ಕೆಜಿ ಎಳ್ಳು-ಬೆಲ್ಲ ಕೊಟ್ಟರೆ ಖುಷಿಯಾಗಿ ಬಿಡುತ್ತಾರೆ. ತಾರಸಿ ದೊಡ್ಡದಾದ ಮೇಲೆ ಮಾತ್ರ ಇನ್ನೊಬ್ಬರನ್ನು ಹೆಚ್ಚಲು ಕರೆಯಿರಿ.

ಒಣಗಿಸುವ ಕರೆಂಟಿನ ಮಷಿನ್ ತೆಗೆದುಕೊಳ್ಳಿ ಅಂತ ಹೇಳುವವರು ಬಹಳ ಜನ. ವರ್ಷಕ್ಕೆ ಮೂರು ವಾರದ ಕೆಲಸಕ್ಕೆ ಸಾಲ ಮಾಡಬೇಡಿ. ಬೇಸಿಗೆಯಲ್ಲಿ ಬಾಳಕ, ಮಳೆಗಾಲದಲ್ಲಿ ಕರಿಬೇವಿನ ಪುಡಿ ಅಂತ ಎಂಟು ತಿಂಗಳಾದರೂ ಅದು ಓಡುವುದಾದರೆ ಮಾತ್ರ ಕೊಳ್ಳಿ. ದೊಡ್ಡ ಸಂಸ್ಥೆಗಳು ಮಾಡುವುದೂ ಇದನ್ನೇ. ದಸರಾ, ದೀಪಾವಳಿಗೆ ಕೆಎಸ್‌ಆರ್‌ಟಿಸಿ ಹೆಚ್ಚುವರಿ ಬಸ್ ಬಿಡುತ್ತದಲ್ವಾ? ಆ ನಾಲ್ಕು ದಿನಕ್ಕೆ ಅಂತ ಯಾರೂ ಹೊಸ ಬಸ್ ಕೊಳ್ಳುವುದಿಲ್ಲ. ಇರುವ ಬಸ್ಸನ್ನೇ ಬೇಡಿಕೆ ಇರುವ ದಾರಿಗೆ ತಿರುಗಿಸುತ್ತಾರೆ.

ಸಕ್ಕರೆ ಅಚ್ಚನ್ನು ನೀವು ಮಾಡಲು ಹೋಗಲೇಬೇಡಿ. ಪಾಕದ ಹದ ತಪ್ಪಿದರೆ ಇಡೀ ದಿನ ಹಾಳು. ಮರದ ಅಚ್ಚಿನಲ್ಲಿ ತಲೆಮಾರಿನಿಂದ ಮಾಡುವವರು ಇದ್ದಾರೆ. ಅವರಿಗೆ ನವೆಂಬರ್‌ನಲ್ಲೇ ಹೇಳಿಬಿಡಿ.

ಮಾಲು ಕೊಳ್ಳುವುದು

ಕೊಬ್ಬರಿಯನ್ನು ಕೊನೆಗೆ ಬಿಟ್ಟರೆ ಲಾಭ ಅಲ್ಲೇ ಕರಗುತ್ತದೆ. ತಿಪಟೂರು ಮಾರುಕಟ್ಟೆಯಲ್ಲಿ 2023ರ ಕೊನೆಯಲ್ಲಿ ಕ್ವಿಂಟಲ್‌ಗೆ 10 ಸಾವಿರದ ಒಳಗಿದ್ದ ಉಂಡೆ ಕೊಬ್ಬರಿ 2025ರಲ್ಲಿ 20 ಸಾವಿರ ದಾಟಿತು. ಹಳೇ ದರ ನೆನಪಿಟ್ಟುಕೊಂಡು ಎಳ್ಳು-ಬೆಲ್ಲಕ್ಕೆ ಬೆಲೆ ಕಟ್ಟಿದವರು ಆ ವರ್ಷ ಕೈಯಿಂದ ಹಾಕಿಕೊಳ್ಳಬೇಕಾಯಿತು. ನಾನು ಅರ್ಧ ಮಾಲನ್ನು ಡಿಸೆಂಬರ್ ಮೊದಲ ವಾರ ಕೊಳ್ಳುತ್ತೇನೆ, ಇನ್ನರ್ಧವನ್ನು ಮುಂಗಡ ಬಂದ ಮೇಲೆ. ಅಂಗಡಿಯವರಿಗೆ ಮಾತ್ರ ಒಟ್ಟು ಎಷ್ಟು ಬೇಕು ಅಂತ ಮೊದಲೇ ಹೇಳಿರುತ್ತೇನೆ.

ಮೊದಲೇ ಹೇಳುವುದು ಯಾಕೆ ಮುಖ್ಯ ಅನ್ನುವುದನ್ನು ಕಾರು ಕಂಪನಿಗಳಿಂದ ಕಲಿಯಬಹುದು. 2020ರಲ್ಲಿ ಕೊರೊನಾ ಬಂದಾಗ ಕಾರು ಹೋಗುವುದಿಲ್ಲ ಅಂತ ಅವು ಕಾರಿಗೆ ಬೇಕಾದ ಎಲೆಕ್ಟ್ರಾನಿಕ್ ಚಿಪ್‌ನ ಆರ್ಡರ್ ಕಡಿತ ಮಾಡಿದವು. ಬೇಡಿಕೆ ಬೇಗ ತಿರುಗಿ ಬಂತು. ಅಷ್ಟರಲ್ಲಿ ಚಿಪ್ ಕಾರ್ಖಾನೆಗಳು ಲ್ಯಾಪ್‌ಟಾಪ್, ಫೋನಿನ ಕೆಲಸದಲ್ಲಿ ತುಂಬಿಹೋಗಿದ್ದವು. ಕಾರು ಕಂಪನಿಗಳು ಸಾಲಿನ ಹಿಂದೆ ನಿಲ್ಲಬೇಕಾಯಿತು, 2021ರಲ್ಲಿ ಕಾರಿಗೆ ಜನ ತಿಂಗಳುಗಟ್ಟಲೆ ಕಾದರು. ಕೊಬ್ಬರಿ ಅಂಗಡಿಯಲ್ಲೂ ಸಾಲು ಹೀಗೇ ಇರುತ್ತದೆ.

ಬೆಲ್ಲದ ವಿಷಯ. ಹಳದಿಗೆ ಹೊಳೆಯುವ ಬೆಲ್ಲ ದಯವಿಟ್ಟು ಬೇಡ. ಆ ಬಣ್ಣ ಬರುವುದು ಸಾಮಾನ್ಯವಾಗಿ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವುದರಿಂದ. ಕಂದು ಬಣ್ಣದ, ಗಟ್ಟಿಯಾದ ಅಚ್ಚು ಬೆಲ್ಲ ತನ್ನಿ, ಹೆಚ್ಚಿದರೆ ಚೂರು ಚೂರಾಗಿ ನಿಲ್ಲುತ್ತದೆ. ಮಷಿನ್‌ನಲ್ಲಿ ಸುಲಿದ ಕೊಬ್ಬರಿ ಪಟ್ಟಿ ಈಗ ಪ್ಯಾಕೆಟ್‌ನಲ್ಲಿ ಬರುತ್ತಿದೆ. ಸಮಯ ಉಳಿಯುತ್ತದೆ ಅಂತ ಒಂದು ಸಲ ತಂದು ನೋಡಿದೆ. ಕಾಗದದ ಹಾಗೆ ತೆಳು, ಬಾಯಿಗೆ ಸಿಗುವುದೇ ಇಲ್ಲ. ಜೊತೆಗೆ ಕಮಟು ಬೇರೆ. ಕೊನೆ ಗಳಿಗೆಯಲ್ಲಿ ಅದನ್ನು ಬೆರೆಸುವುದಕ್ಕಿಂತ ಆರ್ಡರ್ ಬಿಡುವುದು ಮೇಲು.

ಆರ್ಡರ್ ತೆಗೆದುಕೊಳ್ಳುವುದು

ಕಾರ್ತಿಕ ಮಾಸದ ಕೊನೆಗೆ ನಡೆಯುವ ಬಸವನಗುಡಿ ಕಡಲೆಕಾಯಿ ಪರಿಷೆ ಮುಗಿದ ವಾರ ನಾನು ಪುಸ್ತಕ ತೆರೆಯುತ್ತೇನೆ. ಮುಚ್ಚುವುದು 250 ತುಂಬಿದ ದಿನ, ಇಲ್ಲವೇ ಜನವರಿ 5, ಯಾವುದು ಮೊದಲೋ ಅದು. ಅರ್ಧ ಹಣ ಮುಂಗಡ. ಪರಿಚಯದವರ ಹತ್ತಿರ ಹೇಗೆ ಕೇಳುವುದು ಅಂತ ಸಂಕೋಚ ಪಡಬೇಡಿ. ಸಿಗುತ್ತದೋ ಇಲ್ಲವೋ ಅಂತ ಜನ ಎರಡು ಮೂರು ಕಡೆ ಹೇಳಿಟ್ಟಿರುತ್ತಾರೆ. ಮುಂಗಡ ಇಲ್ಲದ 10 ಕೆಜಿ ನಿಜಕ್ಕೂ 10 ಕೆಜಿ ಅಲ್ಲ. ಅದನ್ನು ನಂಬಿ ಮಾಲು ತಂದರೆ ಹಬ್ಬದ ಮಾರನೇ ದಿನ ಮೂಟೆ ನಿಮ್ಮ ಮನೆಯಲ್ಲೇ ಇರುತ್ತದೆ. ಪೊಟ್ಟಣದ ಮೇಲೆ ತೂಕ, ತಯಾರಿಸಿದ ದಿನ, ಬೆಲೆ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ ನಂಬರ್ ಇರಲಿ. ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ, ಮಧ್ಯವರ್ತಿ ಬೇಕಿಲ್ಲ.

ಹೊಸ ಬೇಡಿಕೆ ಹುಟ್ಟಿಸುವುದು

ಇದನ್ನು ಎಲ್ಲರೂ ಮೊದಲು ಮಾಡುತ್ತಾರೆ. ನಾನು ಕೊನೆಗೆ ಇಟ್ಟಿದ್ದೇನೆ. ಜನವರಿ 13ಕ್ಕೆ ಇನ್ನಷ್ಟು ಗಿರಾಕಿ ತಂದುಕೊಂಡು ಏನು ಮಾಡುತ್ತೀರಿ? ಕೈ ಖಾಲಿ ಇರುವ ದಿನಗಳಿಗೆ ಗಿರಾಕಿ ಹುಡುಕಬೇಕು.

ಡಿಸೆಂಬರ್ ಎರಡನೇ ವಾರಕ್ಕೆ, ಹೊರದೇಶದಲ್ಲಿ ಮಕ್ಕಳಿರುವವರು ಸಿಗುತ್ತಾರೆ. ಕೊರಿಯರ್ ತಲುಪಲು ಅವರಿಗೆ ಹೇಗೂ ಬೇಗ ಬೇಕು. ಅವರಿಗಾಗಿ ಮೊದಲ ಬಿಸಿಲಿನ ಮಾಲನ್ನು ಎತ್ತಿಡಿ. ಹಬ್ಬ ಆದ ಮೇಲೆ ರಥಸಪ್ತಮಿಯವರೆಗೂ ಎಳ್ಳು ಬೀರುವ ಮನೆಗಳಿವೆ. 2027ರಲ್ಲಿ ರಥಸಪ್ತಮಿ ಬರುವುದು ಫೆಬ್ರವರಿ 13ಕ್ಕೆ, ಹತ್ತಿರ ಹತ್ತಿರ ಒಂದು ತಿಂಗಳು ಸಿಗುತ್ತದೆ. ಆಫೀಸಿಗೆ ಹೋಗುವ ಹೆಣ್ಣುಮಕ್ಕಳಿಗೆ "ಹಬ್ಬದ ದಿನ ಆಗದಿದ್ದರೆ ರಥಸಪ್ತಮಿಯೊಳಗೆ ಬೀರಿ" ಅಂತ ಒಂದು ಸಾಲು ಕಳಿಸಿದರೆ ಸಾಕು, ಜನವರಿ ಕೊನೆಯವರೆಗೂ ಕೆಲಸ ಇರುತ್ತದೆ. ಹೊಸದಾಗಿ ಮದುವೆಯಾದವರ ಮನೆಗಳನ್ನು ಮರೆಯಬೇಡಿ. ಐದು ವರ್ಷ ಬಾಳೆಹಣ್ಣಿನ ಜೊತೆ ಬೀರುವ ಪದ್ಧತಿ ಇರುವುದರಿಂದ ಅವರು ಒಟ್ಟೊಟ್ಟಿಗೆ ಜಾಸ್ತಿ ಕೊಳ್ಳುತ್ತಾರೆ, ಒಮ್ಮೆ ಬಂದರೆ ಐದು ವರ್ಷ ಬರುತ್ತಾರೆ.

ಪೊಟ್ಟಣದ ಅಳತೆಯೂ ಬೇಡಿಕೆ ಹುಟ್ಟಿಸುತ್ತದೆ. 2024ರ ಜೂನ್‌ನಲ್ಲಿ ಹಾಲು ಹೇರಳವಾಗಿ ಬರುತ್ತಿದ್ದಾಗ ಕೆಎಂಎಫ್ ನಂದಿನಿಯ ಅರ್ಧ ಲೀಟರ್ ಪ್ಯಾಕೆಟ್ಟಿಗೆ 50 ಎಂಎಲ್ ಹಾಲು ಸೇರಿಸಿ 2 ರೂಪಾಯಿ ಜಾಸ್ತಿ ಮಾಡಿತು. ಕೊಳ್ಳುವವರು ಎಂದಿನ ಹಾಗೆ ಒಂದೇ ಪ್ಯಾಕೆಟ್ ಕೊಂಡರು, ಹಾಲು ಮಾತ್ರ ಹೆಚ್ಚು ಹೋಯಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಹಳೇ ಅಳತೆಗೆ ಬಂದರು. ನಮ್ಮದರಲ್ಲಿ ನಾನು ಉಲ್ಟಾ ಮಾಡಿದೆ. ಒಂದು ಕೆಜಿಯ ಜೊತೆಗೆ 50 ಗ್ರಾಂನ ಪೊಟ್ಟಣ ಮಾಡಿ, ಒಂದು ಸಕ್ಕರೆ ಅಚ್ಚು ಇಟ್ಟೆ. ಅಪಾರ್ಟ್‌ಮೆಂಟಿನವರು 30, 40 ಒಟ್ಟಿಗೆ ತೆಗೆದುಕೊಂಡು ನೇರವಾಗಿ ಬೀರುತ್ತಾರೆ. ಆದರೆ ನೆನಪಿರಲಿ, ಪೊಟ್ಟಣ ಚಿಕ್ಕದಾದರೆ ಕಟ್ಟುವ ಕೆಲಸ ಬೆಳೆಯುತ್ತದೆ. ದಿನಕ್ಕೆ 50 ಕೆಜಿ ಕಟ್ಟುತ್ತಿದ್ದ ನಾವಿಬ್ಬರು ಚಿಕ್ಕ ಪೊಟ್ಟಣದಲ್ಲಿ 15 ಕೆಜಿ ದಾಟಲಿಲ್ಲ. ಕೆಲಸ ಕಟ್ಟಿಕೊಳ್ಳುವ ಜಾಗ ತಾರಸಿಯಿಂದ ಊಟದ ಮೇಜಿಗೆ ಬಂದಿತ್ತು. ಅವತ್ತೇ ಕೂತು ಎರಡನೇ ಹೆಜ್ಜೆಯ ಲೆಕ್ಕವನ್ನು ಮತ್ತೆ ಹಾಕಿದೆ.

ಪುಸ್ತಕ ತುಂಬಿದ ಮೇಲೆ ಬರುವ ಫೋನಿಗೆ "ಈ ಸಲ ಆಗಲ್ಲ, ರಥಸಪ್ತಮಿಗೆ ಕೊಡ್ತೀನಿ, ಹೆಸರು ಬರೆದುಕೊಳ್ಳಲಾ?" ಅನ್ನಿ. ಹೋದ ಸಲ ಹಾಗೆ ಕೇಳಿದ 19 ಜನರಲ್ಲಿ 11 ಜನ ಹ್ಞೂಂ ಅಂದರು. ಎಂಟು ಜನ ಬೇರೆ ಕಡೆ ಹೋದರು, ಅವರ ಹೆಸರೂ ಬರೆದಿಟ್ಟಿದ್ದೇನೆ. ಮುಂದಿನ ಪರಿಷೆ ಮುಗಿದ ದಿನ ಮೊದಲ ಫೋನ್ ಅವರಿಗೇ.