ವಿದ್ಯಾಸಿರಿ ದುಡ್ಡು ನನ್ನ ಕೈಸೇರಿದ್ದು ಹೀಗೆ

ಬಿ.ಎಸ್ಸಿ. ಮೊದಲ ವರ್ಷ ಹಾಸ್ಟೆಲ್ ಲಿಸ್ಟ್‌ನಲ್ಲಿ ನನ್ನ ಹೆಸರು ಬರಲಿಲ್ಲ. ಮೂವರು ಗೆಳತಿಯರು ಸೇರಿ ರೂಮ್ ಮಾಡಿದೆವು. ಬಾಡಿಗೆ ಕೊಟ್ಟು ಅಕ್ಕಿ, ಬೇಳೆ ತಂದರೆ ಅಪ್ಪ ಕಳಿಸಿದ್ದೆಲ್ಲ ಖಾಲಿ. ಹಾಸ್ಟೆಲ್ ಸಿಗದವರಿಗೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾಸಿರಿ ಇದೆ, ಊಟ-ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡ್ತಾರೆ ಅಂತ ಸೀನಿಯರ್ ಅಕ್ಕ ಒಬ್ಬರು ಹೇಳಿದರು. ಆಗ ಅದು ಒಟ್ಟು 15,000. ನಮ್ಮ ಮನೆಗೆ ಅದು ದೊಡ್ಡ ದುಡ್ಡು.

ಅರ್ಜಿ ಹಾಕೋದು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಿದರೆ ಹೆಸರು ಆಧಾರ್ ಜೊತೆ ತಾಳೆಯಾಗಲಿಲ್ಲ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದು ‘ಎ’ ಜಾಸ್ತಿ ಇತ್ತು, ಅಷ್ಟೇ! ನಾಡಕಚೇರಿಗೆ ಹೋಗಿ ಆಧಾರ್‌ನಲ್ಲಿದ್ದ ಹಾಗೇ ಹೊಸದು ಮಾಡಿಸಿದೆ. ಕಾಲೇಜಿನಲ್ಲಿ ಮೂಲ ದಾಖಲೆ ತೋರಿಸಿ ಇ-ದೃಢೀಕರಣ (ದಾಖಲೆಗಳಿಗೆ ಆನ್‌ಲೈನ್ ದೃಢೀಕರಣ) ಮಾಡಿಸಿದ್ದು ಒಂದೇ ದಿನದ ಕೆಲಸ.

ನಿಜವಾದ ಕಷ್ಟ ಶುರುವಾಗಿದ್ದು ಆಮೇಲೆ. ಗೆಳತಿಯರಿಗೆಲ್ಲ ದುಡ್ಡು ಬಂತು, ನನಗೆ ಬರಲಿಲ್ಲ. ವಾರಕ್ಕೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಿದ್ದೆ. ಕೊನೆಗೆ ಬ್ಯಾಂಕ್ ಮೇಡಂ ಹತ್ತಿರ ಹೋಗಿ, ‘ಆಧಾರ್ ಲಿಂಕ್ ಆಗಿದೆ ಅಲ್ವಾ ಮೇಡಂ?’ ಅಂತ ಕೇಳಿದೆ. ಅವರು ಕುರ್ಚಿ ಎಳೆದು ಕೂರಿಸಿದರು. ‘ಲಿಂಕ್ ಬೇರೆ, ಸೀಡಿಂಗ್ ಬೇರೆ ಕಣಮ್ಮಾ. ಸ್ಕಾಲರ್‌ಶಿಪ್‌ಗೆ ಅಕೌಂಟ್ ನಂಬರ್ ನೋಡಲ್ಲ. ಬ್ಯಾಂಕ್‌ಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಅನ್ನೋ ಸಂಸ್ಥೆಯ ಪಟ್ಟಿಯಲ್ಲಿ ನಿನ್ನ ಆಧಾರ್ ಯಾವ ಬ್ಯಾಂಕಿಗೆ ಸೇರಿದೆಯೋ ಅಲ್ಲಿಗೇ ದುಡ್ಡು ಹೋಗುತ್ತೆ. ಹಾಗೆ ಸೇರಿಸೋದೇ ಸೀಡಿಂಗ್’ ಅಂದರು.

ಆಧಾರ್ ವೆಬ್‌ಸೈಟ್‌ನಲ್ಲಿ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದೆ. ಅಲ್ಲಿದ್ದದ್ದು ಊರಿನ ಬ್ಯಾಂಕಿನ ಹೆಸರು! ಹೈಸ್ಕೂಲ್‌ನಲ್ಲಿ ಇದ್ದಾಗ ಅಪ್ಪ ಮಾಡಿಸಿದ್ದ ಖಾತೆ. ವರ್ಷಗಟ್ಟಲೆ ಮುಟ್ಟದೆ ಅದು ನಿಂತೇ ಹೋಗಿತ್ತು. ನಾನು ಸುಮ್ನೆ ಹೊಸ ಪಾಸ್‌ಬುಕ್ ನೋಡ್ತಾ ಕೂತಿದ್ದೆ. ಮೇಡಂ ಅವತ್ತೇ ಸೀಡಿಂಗ್ ಫಾರಂ ತುಂಬಿಸಿಕೊಂಡರು. ನಾಲ್ಕು ದಿನ ಬಿಟ್ಟು ನೋಡಿದರೆ ಹೊಸ ಬ್ಯಾಂಕಿನ ಹೆಸರು, ಪಕ್ಕದಲ್ಲಿ ‘ಆಕ್ಟಿವ್’ ಅಂತ ಇತ್ತು. ಅದನ್ನೇ ಪ್ರಿಂಟ್ ತೆಗೆದು ಇಲಾಖೆಯ ತಾಲ್ಲೂಕು ಕಚೇರಿಗೆ ಕೊಟ್ಟು ಬಂದೆ.

ದುಡ್ಡು ಬಂದ ಮೆಸೇಜ್ ನೋಡಿದ್ದು ಕೆಮಿಸ್ಟ್ರಿ ಲ್ಯಾಬ್ ಮುಗಿಸಿ ಬರುವಾಗ. ಕಣ್ಣು ತುಂಬಿ ಬಂತು. ಸಂಜೆಯೇ ಎರಡು ತಿಂಗಳ ಬಾಕಿ ಬಾಡಿಗೆ ಕೊಟ್ಟೆ.

ಈ ವರ್ಷ ತಮ್ಮ ಡಿಗ್ರಿ ಸೇರಿದ್ದಾನೆ. ಅರ್ಜಿ ಹಾಕುವ ಮೊದಲೇ ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ.