ಪಂದ್ಯ ಆ್ಯಪ್‌ನೊಳಗೆ ಸೇರಿಕೊಂಡರೆ ಸ್ಪರ್ಧಾ ಆಯೋಗದ ಕದ ತಟ್ಟುವುದು ಹೇಗೆ?

ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕುಗಳು 2022ರ ಜೂನ್‌ನಲ್ಲಿ ನಮ್ಮ ಮುಂಬೈಯಲ್ಲೇ ಹರಾಜಾದವು. ಒಟ್ಟು ಮೊತ್ತ 48,390 ಕೋಟಿ ರೂಪಾಯಿ. ಟಿ.ವಿ. ಹಕ್ಕು ಡಿಸ್ನಿ ಸ್ಟಾರ್ ಪಾಲಾಯಿತು, ಡಿಜಿಟಲ್ ಹಕ್ಕು ರಿಲಯನ್ಸ್ ಬಳಗದ ವಯಾಕಾಂ18 ಕೈಸೇರಿತು. 2023 ಮತ್ತು 2024ರಲ್ಲಿ ವಯಾಕಾಂ18ರ ಆ್ಯಪ್ ಜಿಯೊಸಿನಿಮಾ ಪಂದ್ಯಗಳನ್ನು ಪುಕ್ಕಟೆಯಾಗಿ ತೋರಿಸಿತು. 2024ರ ನವೆಂಬರ್‌ನಲ್ಲಿ ಪೈಪೋಟಿಗಿಳಿದಿದ್ದ ಇಬ್ಬರೂ ಒಂದಾದರು. ಮರುವರ್ಷದ ಫೆಬ್ರುವರಿಯಲ್ಲಿ ಇಬ್ಬರ ಆ್ಯಪ್‌ಗಳೂ ಸೇರಿ ಜಿಯೊಹಾಟ್‌ಸ್ಟಾರ್ ಬಂತು, ಐಪಿಎಲ್ ಪೂರ್ತಿ ನೋಡಲು ಚಂದಾ ಕಟ್ಟಬೇಕಾಯಿತು.

ಈ ಬಗ್ಗೆ ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮವರು ಗೊಣಗುವುದನ್ನು ಕೇಳುತ್ತಲೇ ಇದ್ದೇನೆ. ಗೊಣಗಾಟ ಕಡತಕ್ಕೆ ಇಳಿಯುವುದಿಲ್ಲ. ಅದನ್ನು ಕಾನೂನಿನ ಭಾಷೆಗೆ ತರುವ ದಾರಿ ನಮ್ಮಲ್ಲಿದೆ: ಮಾರುಕಟ್ಟೆಯಲ್ಲಿ ಪೈಪೋಟಿಗೆ ಧಕ್ಕೆ ಬಾರದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ. ಸಾಮಾನ್ಯ ವೀಕ್ಷಕರೂ ಆ ದಾರಿಯಲ್ಲಿ ನಡೆಯಬಹುದು.

ಮೊದಲು: ಉಚಿತ ಬಾಗಿಲು ತೆರೆದಿದೆಯೇ ನೋಡಿ

2007ರ ಕ್ರೀಡಾ ಪ್ರಸಾರ ಸಂಕೇತಗಳ ಕಾಯ್ದೆಯ ಪ್ರಕಾರ, ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಪಟ್ಟಿ ಮಾಡಿದ ಪಂದ್ಯಗಳ ನೇರಪ್ರಸಾರವನ್ನು ಖಾಸಗಿ ವಾಹಿನಿಗಳು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. ಭಾರತ ಪುರುಷರ ತಂಡ ಆಡುವ ಏಕದಿನ ಮತ್ತು ಟಿ20 ಅಂತರರಾಷ್ಟ್ರೀಯ ಪಂದ್ಯಗಳು, ಒಲಿಂಪಿಕ್ಸ್, ಏಷ್ಯನ್ ಗೇಮ್ಸ್ ಆ ಪಟ್ಟಿಯಲ್ಲಿವೆ. ಐಪಿಎಲ್ ಇಲ್ಲ.

ಇಲ್ಲೊಂದು ತೊಡಕು ಹಲವರಿಗೆ ಗೊತ್ತಿಲ್ಲ. ಹೀಗೆ ಹಂಚಿಕೊಂಡ ಪ್ರಸಾರವನ್ನು ದೂರದರ್ಶನ ತನ್ನ ಸ್ವಂತ ಜಾಲದಲ್ಲಿ ಮಾತ್ರ ತೋರಿಸಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದ್ದರಿಂದ ಕೇಬಲ್‌ನಲ್ಲಿ ಡಿಡಿ ವಾಹಿನಿ ಹಾಕಿದರೆ ಪಂದ್ಯ ಕಾಣುವುದಿಲ್ಲ. ದೂರದರ್ಶನದ ಉಚಿತ ಡಿಟಿಎಚ್ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ಕಾಣುತ್ತದೆ. ಡಿಶ್ ಮತ್ತು ಪೆಟ್ಟಿಗೆಗೆ ಒಮ್ಮೆ ಖರ್ಚು ಮಾಡಿದರೆ ಸಾಕು, ತಿಂಗಳ ಬಾಡಿಗೆ ಇಲ್ಲ. ಕಿಟಕಿಯ ಗ್ರಿಲ್‌ಗೆ ಡಿಶ್ ಬಿಗಿಯುವ ಮೊದಲು ಸೊಸೈಟಿಯ ಒಪ್ಪಿಗೆ ಪಡೆಯಿರಿ.

ಎರಡನೆಯದು: ದೂರು ಯಾವ ಬಗೆಯದು ಎಂದು ವಿಂಗಡಿಸಿ

ರದ್ದು ಮಾಡಿದ ಮೇಲೂ ಚಂದಾ ಹಣ ಕಡಿತವಾಯಿತು, ಹೇಳಿದ ಪಂದ್ಯ ತೋರಿಸಲಿಲ್ಲ — ಇಂಥವು ಗ್ರಾಹಕರ ವ್ಯಾಜ್ಯಗಳು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಸ್ಪರ್ಧಾ ಆಯೋಗ ನಿಮ್ಮ ಚಂದಾ ಹಣವನ್ನು ವಾಪಸ್ ಕೊಡಿಸುವ ಜಾಗವಲ್ಲ.

ಸ್ಪರ್ಧಾ ಆಯೋಗ ನೋಡುವುದು ಮಾರುಕಟ್ಟೆಯನ್ನು. 2002ರ ಸ್ಪರ್ಧಾ ಕಾಯ್ದೆಯ ಸೆಕ್ಷನ್ 3 ಪೈಪೋಟಿಗೆ ಧಕ್ಕೆ ತರುವ ಒಪ್ಪಂದಗಳಿಗೆ, ಸೆಕ್ಷನ್ 4 ಪ್ರಾಬಲ್ಯದ ದುರುಪಯೋಗಕ್ಕೆ ಸಂಬಂಧಿಸಿದ್ದು. ದೊಡ್ಡದಾಗಿರುವುದು ತಪ್ಪಲ್ಲ, ಬೆಲೆ ಏರಿಸಿದ್ದೂ ತಾನಾಗಿಯೇ ತಪ್ಪಾಗುವುದಿಲ್ಲ. ಬೇರೆಯವರು ಒಳಬರದಂತೆ ಬಾಗಿಲು ಹಾಕಿದ್ದಾರೆಯೇ, ಒಂದು ಸೇವೆ ಬೇಕೆಂದವರಿಗೆ ಇನ್ನೊಂದನ್ನು ಗಂಟು ಹಾಕಿ ಕೊಡುತ್ತಿದ್ದಾರೆಯೇ ಎಂಬುದೇ ಪ್ರಶ್ನೆ.

ಇದಕ್ಕೆ ಹಳೆಯ ಉದಾಹರಣೆ ನಮ್ಮಲ್ಲೇ ಇದೆ. 2010ರಲ್ಲಿ ದೆಹಲಿಯ ಒಬ್ಬ ವ್ಯಕ್ತಿ ಬಿಸಿಸಿಐ ವಿರುದ್ಧ ಆಯೋಗಕ್ಕೆ ಮಾಹಿತಿ ಸಲ್ಲಿಸಿದರು. ಐಪಿಎಲ್‌ಗೆ ಪೈಪೋಟಿ ನೀಡುವ ಮತ್ತೊಂದು ಟಿ20 ಲೀಗ್‌ಗೆ ಮಾನ್ಯತೆ ಕೊಡುವುದಿಲ್ಲ ಎಂಬ ಷರತ್ತು ಪ್ರಸಾರ ಹಕ್ಕಿನ ಒಪ್ಪಂದದಲ್ಲಿದ್ದುದು ತನಿಖೆಯಲ್ಲಿ ಹೊರಬಂತು. ಖಾಸಗಿ ವೃತ್ತಿಪರ ಕ್ರಿಕೆಟ್ ಲೀಗ್‌ಗಳ ಆಯೋಜನೆಯನ್ನು ಪ್ರತ್ಯೇಕ ಮಾರುಕಟ್ಟೆಯೆಂದೇ ಗುರುತಿಸಿದ ಆಯೋಗ 2013ರಲ್ಲಿ 52.24 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನು ತಳ್ಳಿಹಾಕಿತು. ಮರುವಿಚಾರಣೆ ನಡೆದು 2017ರಲ್ಲಿ ಆಯೋಗ ಅಷ್ಟೇ ಮೊತ್ತದ ದಂಡವನ್ನು ಮತ್ತೆ ವಿಧಿಸಿತು. ಎಲ್ಲಕ್ಕೂ ಬುಡ ಒಪ್ಪಂದದ ಒಂದು ಷರತ್ತು. ನಿಮ್ಮ ಅರ್ಜಿಯಲ್ಲೂ ಅಂಥದ್ದೊಂದು ಗಟ್ಟಿ ಅಂಶ ಇರಬೇಕು.

ಮೂರನೆಯದು: ದಾಖಲೆ ಕೂಡಿಡಿ

ಹೆಚ್ಚು ಶ್ರಮ ಬೇಡುವ ಕೆಲಸ ಇದೇ. ಚಂದಾ ದರದ ಪುಟವನ್ನು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಹಳೆಯ ದರ, ಹೊಸ ದರ ಎರಡೂ ಇರಲಿ. ರೀಚಾರ್ಜ್ ರಸೀದಿ, ಕೇಬಲ್ ಬಿಲ್, ಷರತ್ತುಗಳ ಪುಟ ಬಿಡಬೇಡಿ. 2025ರ ಐಪಿಎಲ್ ವೇಳೆ 299 ರೂಪಾಯಿ ಅಥವಾ ಹೆಚ್ಚಿನ ರೀಚಾರ್ಜ್ ಮಾಡಿದ ಜಿಯೊ ಗ್ರಾಹಕರಿಗೆ 90 ದಿನಗಳ ಜಿಯೊಹಾಟ್‌ಸ್ಟಾರ್ ಕೊಡುಗೆ ಇತ್ತು. ಇದು ಕೇವಲ ಕೊಡುಗೆಯೇ ಅಥವಾ ಗಂಟು ಹಾಕಿ ಕೊಟ್ಟದ್ದೇ, ಬೇರೆ ಸಿಮ್ ಇದ್ದವರು ಅದೇ ಪಂದ್ಯಕ್ಕೆ ಎಷ್ಟು ತೆತ್ತರು ಎಂದು ಪಕ್ಕಪಕ್ಕ ಬರೆದಿಟ್ಟರೆ ವಾದಕ್ಕೆ ಬಲ ಬರುತ್ತದೆ.

ಯಾರಿಗೆ ಪೆಟ್ಟು ಬಿದ್ದಿದೆ ಎಂಬುದನ್ನೂ ಬರೆಯಿರಿ. ಘಾಟ್ಕೋಪರ್‌ನ ಉಡುಪಿ ಹೋಟೆಲೊಂದರಲ್ಲಿ ರಾತ್ರಿ ಶಟರ್ ಎಳೆದ ಮೇಲೆ ಕುಂದಾಪುರ, ಕಾರ್ಕಳ ಕಡೆಯ ಹುಡುಗರು ಒಂದೇ ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ತಲೆಗೆ ತಲೆ ತಾಗಿಸಿ ಪಂದ್ಯ ನೋಡುವುದನ್ನು ಕಂಡಿದ್ದೇನೆ. ಕೊನೆಯ ಓವರ್‌ಗಳಲ್ಲಿ ಡೇಟಾ ಮುಗಿದರೆ ಕಥೆ ಅಲ್ಲಿಗೇ ನಿಂತಿತು. ಊರಿಗೆ ಹಣ ಕಳುಹಿಸುವ ಈ ಹುಡುಗರು ರೀಚಾರ್ಜ್‌ಗೆ, ಚಂದಾಕ್ಕೆ ಎಷ್ಟೆಷ್ಟು ಕಟ್ಟುತ್ತಾರೆ ಎಂಬ ಲೆಕ್ಕ ಅರ್ಜಿಗೆ ಜೀವ ಕೊಡುತ್ತದೆ.

ನಾಲ್ಕನೆಯದು: ಅರ್ಜಿ ಸಲ್ಲಿಸಿ

ಆಯೋಗಕ್ಕೆ ಕೊಡುವುದನ್ನು ಕಾಯ್ದೆಯಲ್ಲಿ ದೂರು ಎನ್ನದೆ ಮಾಹಿತಿ ಎಂದೇ ಕರೆಯಲಾಗಿದೆ. ಸೆಕ್ಷನ್ 19ರ ಅಡಿ ಯಾರು ಬೇಕಾದರೂ ಸಲ್ಲಿಸಬಹುದು. ನಷ್ಟ ಆದವರೇ ಆಗಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ, ಓಲಾ–ಉಬರ್ ಪ್ರಕರಣದಲ್ಲಿ, ಸ್ಪಷ್ಟಪಡಿಸಿದೆ. ವ್ಯಕ್ತಿಗೂ ಗ್ರಾಹಕ ಸಂಘಕ್ಕೂ ಶುಲ್ಕ 5,000 ರೂಪಾಯಿ. ಅದಕ್ಕೇ ಒಬ್ಬರೇ ಹೋಗುವ ಬದಲು ನಮ್ಮ ಕನ್ನಡ ಸಂಘಗಳು ಯಾವುದಾದರೂ ಗ್ರಾಹಕ ಸಂಘಟನೆಯೊಂದಿಗೆ ಸೇರಿ ಈ ಕೆಲಸ ಕೈಗೆತ್ತಿಕೊಳ್ಳಲಿ ಎನ್ನುತ್ತೇನೆ. ನಾಟಕೋತ್ಸವಕ್ಕೆ ಚಂದಾ ಎತ್ತಬಲ್ಲವರಿಗೆ ಇದೊಂದು ಭಾರವಲ್ಲ.

ಅರ್ಜಿಯಲ್ಲಿ ನಿಮ್ಮ ಮತ್ತು ಎದುರುದಾರರ ಹೆಸರು, ವಿಳಾಸ, ನಡೆದ ಸಂಗತಿ, ಉಲ್ಲಂಘನೆಯಾದ ಸೆಕ್ಷನ್, ಕೇಳುವ ಪರಿಹಾರ, ದಾಖಲೆಗಳ ಪಟ್ಟಿ ಇರಬೇಕು. ಘಟನೆ ನಡೆದ ಮೂರು ವರ್ಷದೊಳಗೆ ಸಲ್ಲಿಸಿ. ಹೆಸರನ್ನು ಗೋಪ್ಯವಾಗಿಡುವಂತೆ ಕೋರಬಹುದು. ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ ಆಯೋಗ ತನ್ನ ಮಹಾನಿರ್ದೇಶಕರಿಗೆ ತನಿಖೆ ವಹಿಸುತ್ತದೆ, ಇಲ್ಲದಿದ್ದರೆ ಪ್ರಕರಣ ಮುಚ್ಚುತ್ತದೆ.

ಒಂದು ಮಾತು ನೆನಪಿರಲಿ: ರಿಲಯನ್ಸ್–ಡಿಸ್ನಿ ವಿಲೀನಕ್ಕೆ ಆಯೋಗವೇ 2024ರ ಆಗಸ್ಟ್‌ನಲ್ಲಿ ಷರತ್ತುಬದ್ಧ ಒಪ್ಪಿಗೆ ಕೊಟ್ಟಿದೆ. ಕ್ರಿಕೆಟ್‌ನ ಜಾಹೀರಾತು ದರವನ್ನು ವಿಪರೀತ ಏರಿಸುವುದಿಲ್ಲ ಎಂಬ ಭರವಸೆ ಆ ಷರತ್ತುಗಳಲ್ಲಿ ಮುಖ್ಯವಾದದ್ದು. ಆದ್ದರಿಂದ ವಿಲೀನವೇ ತಪ್ಪು ಎಂದು ಬರೆಯಬೇಡಿ, ಆಮೇಲಿನ ನಡವಳಿಕೆಯನ್ನು ಪ್ರಶ್ನಿಸಿ.

ಐದನೆಯದು: ಕಾನೂನಿನ ಬಿರುಕನ್ನು ತೋರಿಸಿ

ಅಮೆರಿಕದಲ್ಲೂ ಇದೇ ಜಟಾಪಟಿ. ಅಲ್ಲಿ 1961ರ ಕಾಯ್ದೆ, ಲೀಗ್‌ಗಳು ತಂಡಗಳ ಹಕ್ಕುಗಳನ್ನು ಒಟ್ಟುಗೂಡಿಸಿ ಮಾರಲು ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ವಿನಾಯಿತಿ ಕೊಟ್ಟಿತು. ಅದು ಜಾಹೀರಾತಿನ ಬಲದಲ್ಲಿ ಮನೆಮನೆಗೆ ಬರುತ್ತಿದ್ದ ಉಚಿತ ಟಿ.ವಿ.ಯ ಕಾಲ. 2024ರ ಜನವರಿಯಲ್ಲಿ ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಪ್ಲೇಆಫ್ ಪಂದ್ಯವೊಂದು ದೇಶದ ಬಹುಪಾಲು ಜನರಿಗೆ ಪೀಕಾಕ್ ಎಂಬ ಚಂದಾ ಸೇವೆಯಲ್ಲಿ ಮಾತ್ರ ಸಿಕ್ಕಿತು. ಹಳೆಯ ವಿನಾಯಿತಿ ಇಂಥದ್ದಕ್ಕೂ ಅನ್ವಯಿಸಬೇಕೇ ಎಂದು ಜನ ಕೇಳುತ್ತಿರುವುದು ಅದಕ್ಕೇ. ಅದೇ ಲೀಗ್‌ನ ಭಾನುವಾರದ ಪಂದ್ಯಗಳ ಚಂದಾ ಪ್ಯಾಕೇಜ್ ಕುರಿತ ಮೊಕದ್ದಮೆಯಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ 470 ಕೋಟಿ ಡಾಲರ್ ಪರಿಹಾರಕ್ಕೆ ಆದೇಶಿಸಿತು. ನ್ಯಾಯಾಧೀಶರು ಅದನ್ನು ರದ್ದುಪಡಿಸಿದರು.

ನಮ್ಮ 2007ರ ಕಾಯ್ದೆಯದೂ ಅದೇ ಪಾಡು. ಅದರ ಸೆಕ್ಷನ್ 3ರಲ್ಲಿ ಕೇಬಲ್, ಡಿಟಿಎಚ್, ರೇಡಿಯೊ ಎಂಬ ಪದಗಳಿವೆ, ಅಂತರ್ಜಾಲವಿಲ್ಲ. ನಾಳೆ ಭಾರತದ ಪಂದ್ಯವೊಂದು ಆ್ಯಪ್‌ನಲ್ಲಷ್ಟೇ ಬಂದರೆ ಈ ಕಾಯ್ದೆ ಕೈಕಟ್ಟಿ ಕೂರುವ ಅಪಾಯವಿದೆ. ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಬರೆಯುವ ಪತ್ರದಲ್ಲಿ ಈ ಒಂದು ತಿದ್ದುಪಡಿಯನ್ನಷ್ಟೇ ಕೇಳಿ, ಪ್ರತಿಯನ್ನು ನಿಮ್ಮ ಸಂಸದರಿಗೂ ಕಳುಹಿಸಿ. ಈಗಿನ ಐಪಿಎಲ್ ಹಕ್ಕುಗಳ ಅವಧಿ 2027ಕ್ಕೆ ಮುಗಿಯುತ್ತದೆ. ಮುಂದಿನ ಹರಾಜಿನ ಷರತ್ತುಗಳು ಅಚ್ಚಾಗುವ ಮೊದಲೇ ಆ ಪತ್ರ ದೆಹಲಿ ತಲುಪಬೇಕು.